ನೀರಿನ ಟ್ಯಾಂಕಿನ ಮೇಲೊಂದು ರಿಪೀಟರ್: ಹೊಸ ಹ್ಯಾಮ್‌ಗಳಿಗೆ ಪರಿಚಯ

ಹ್ಯಾಮ್ ರೇಡಿಯೊ ಪರವಾನಗಿ ಈಗಷ್ಟೇ ಪಡೆದು, ಐದು ವ್ಯಾಟಿನ ಹ್ಯಾಂಡ್‌ಹೆಲ್ಡ್ ಸೆಟ್ ಕೊಂಡವರಿಗೆ ಮೊದಲ ವಾರವೇ ಒಂದು ಗೊಂದಲ ಎದುರಾಗುತ್ತದೆ. ನಾಲ್ಕು ಬಡಾವಣೆ ಆಚೆಯ ಗೆಳೆಯನ ದನಿ ಕೇಳಿಸುವುದಿಲ್ಲ. ಮೂವತ್ತು ಕಿಲೋಮೀಟರ್ ದೂರದ ಅಪರಿಚಿತರೊಬ್ಬರ ಮಾತು ಮಾತ್ರ ಸ್ಪಷ್ಟವಾಗಿ ಬರುತ್ತದೆ. ಸೆಟ್ ಕೆಟ್ಟಿಲ್ಲ. ಆ ಅಪರಿಚಿತರ ದನಿ ನೇರವಾಗಿ ಬರುತ್ತಿಲ್ಲ, ಎತ್ತರದಲ್ಲಿ ಕೂತ ರಿಪೀಟರ್ ಮೂಲಕ ಬರುತ್ತಿದೆ, ಅಷ್ಟೆ.

ಆ ಎತ್ತರವನ್ನು ಬೆಟ್ಟದ ಸೀಮೆಯವರು ಬೆಟ್ಟದಿಂದ ಪಡೆಯುತ್ತಾರೆ. ಅಮೆರಿಕದ ಇಲಿನಾಯ್, ಅಯೋವಾ, ನೆಬ್ರಾಸ್ಕದಂಥ ಬಯಲು ರಾಜ್ಯಗಳಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳದ ಹೊಲ. ಅಲ್ಲಿ ಊರಿಗೆಲ್ಲ ಎತ್ತರವಾಗಿ ನಿಂತದ್ದು ನೀರಿನ ಟ್ಯಾಂಕ್. ಹಾಗಾಗಿ ಅಲ್ಲಿನ ಹ್ಯಾಮ್ ಕ್ಲಬ್‌ಗಳು ಪುರಸಭೆಯ ಅನುಮತಿ ಪಡೆದು ಟ್ಯಾಂಕಿನ ಮೇಲೆ ಆಂಟೆನಾ ಹಾಕುತ್ತ ಬಂದಿವೆ. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಅರ್ಧಕ್ಕೂ ಹೆಚ್ಚು ಯೋಚನೆ ರೇಡಿಯೊದ ಬಗ್ಗೆ ಇರುವುದಿಲ್ಲ, ನೀರಿನ ಬಗ್ಗೆ ಇರುತ್ತದೆ.

ರಿಪೀಟರ್ ಏನು ಮಾಡುತ್ತದೆ?

ರಿಪೀಟರ್ ಎಂದರೆ ಒಂದು ರಿಸೀವರ್, ಒಂದು ಟ್ರಾನ್ಸ್‌ಮಿಟರ್, ಎರಡನ್ನೂ ನಡೆಸುವ ಒಂದು ಕಂಟ್ರೋಲರ್. ನೀವು ಒಂದು ಆವರ್ತನದಲ್ಲಿ ಮಾತಾಡಿದ್ದನ್ನು ಅದು ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಹೆಚ್ಚು ಶಕ್ತಿಯಿಂದ ಮರಳಿ ಬಿತ್ತರಿಸುತ್ತದೆ. ಎರಡು ಮೀಟರ್ ಬ್ಯಾಂಡಿನಲ್ಲಿ ಈ ಎರಡು ಆವರ್ತನಗಳ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ ಒಂದು ಜೋಡಿಯನ್ನೇ ತೆಗೆದುಕೊಳ್ಳಿ: ರಿಪೀಟರ್ 146.940 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ, 146.340ರಲ್ಲಿ ಕೇಳುತ್ತದೆ. ನಿಮ್ಮ ಸೆಟ್ ಇದಕ್ಕೆ ತಿರುವುಮುರುವು: 146.940ರಲ್ಲಿ ಕೇಳುತ್ತ, ಗುಂಡಿ ಒತ್ತಿದಾಗ 146.340ಕ್ಕೆ ಜಿಗಿಯುತ್ತದೆ. ಸೆಟ್ಟಿನ ಮೆನುವಿನಲ್ಲಿ ಕಾಣುವ ಆಫ್‌ಸೆಟ್ ಎಂಬುದು ಇದೇ.

ಇನ್ನೊಂದು ಸೆಟ್ಟಿಂಗ್ ಟೋನ್. ನಿಮ್ಮ ಮಾತಿನ ಅಡಿಯಲ್ಲಿ ಒಂದು ತಗ್ಗು ಸ್ವರ, ಉದಾಹರಣೆಗೆ 103.5 ಹರ್ಟ್ಸ್‌ನದು, ಸೇರಿ ಹೋಗುತ್ತದೆ. ಆ ಸ್ವರ ಇದ್ದರೆ ಮಾತ್ರ ರಿಪೀಟರ್ ಬಾಗಿಲು ತೆರೆಯುತ್ತದೆ. ಹೊಸಬರು "ರಿಪೀಟರ್ ನನಗೆ ಉತ್ತರಿಸುತ್ತಲೇ ಇಲ್ಲ" ಎಂದಾಗ ಮೊದಲು ನೋಡಬೇಕಾದದ್ದು ಈ ಎರಡನ್ನೇ: ಆಫ್‌ಸೆಟ್ ಸರಿಯಿದೆಯೇ, ಟೋನ್ ಸರಿಯಿದೆಯೇ.

ಎತ್ತರದ ಲೆಕ್ಕ

ಎರಡು ಮೀಟರ್ ಬ್ಯಾಂಡಿನ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲೇ ಸಾಗುತ್ತವೆ. ಭೂಮಿ ಬಾಗಿದ ಕಡೆ ಅವು ಪೂರ್ತಿ ಬಾಗುವುದಿಲ್ಲ. ಆದ್ದರಿಂದ ಆಂಟೆನಾದ ಎತ್ತರವೇ ದೂರವನ್ನು ನಿರ್ಧರಿಸುತ್ತದೆ. ನೆನಪಿಡಲು ಸುಲಭವಾದ ಸೂತ್ರವೊಂದಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಬರುವ ಉತ್ತರ ಕಿಲೋಮೀಟರಿನಲ್ಲಿ ಆ ಆಂಟೆನಾದ ದಿಗಂತ.

ನಿಂತ ಮನುಷ್ಯನ ಕೈಯಲ್ಲಿನ ಸೆಟ್ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಅದರ ದಿಗಂತ 5 ಕಿಲೋಮೀಟರ್. ಹಾಗಾಗಿ ಇಬ್ಬರು ಪರಸ್ಪರ ಮಾತಾಡಲು ಹೆಚ್ಚೆಂದರೆ 10 ಕಿಲೋಮೀಟರ್, ಅದೂ ಬಟ್ಟಬಯಲಿನಲ್ಲಿ. ಮನೆ, ಮರ ಅಡ್ಡ ಬಂದರೆ ಎರಡು ಮೂರು ಕಿಲೋಮೀಟರಿಗೇ ಮಾತು ಮುಗಿಯುತ್ತದೆ. ಈಗ 40 ಮೀಟರ್ ಎತ್ತರದ ಟ್ಯಾಂಕಿನ ಮೇಲೆ ಆಂಟೆನಾ ಇಡಿ. ಅದರ ದಿಗಂತ 26 ಕಿಲೋಮೀಟರ್. ನಿಮ್ಮ 5 ಸೇರಿದರೆ 31. ಟ್ಯಾಂಕಿನ ಪೂರ್ವಕ್ಕೆ 31 ಕಿಲೋಮೀಟರ್ ದೂರದಲ್ಲಿರುವವರು ಪಶ್ಚಿಮಕ್ಕೆ ಅಷ್ಟೇ ದೂರದಲ್ಲಿರುವವರ ಜತೆ ಮಾತಾಡಬಹುದು. ಸುತ್ತಳತೆಯೊಳಗಿನ ವಿಸ್ತೀರ್ಣ ಸುಮಾರು 3,000 ಚದರ ಕಿಲೋಮೀಟರ್, ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡದು.

ವರ್ಗಮೂಲವನ್ನು ಗಮನಿಸಿ. ಎತ್ತರವನ್ನು ಎರಡು ಪಟ್ಟು ಮಾಡಿ 80 ಮೀಟರಿಗೆ ಏರಿಸಿದರೆ ದಿಗಂತ 37 ಕಿಲೋಮೀಟರ್ ಆಗುತ್ತದೆಯೇ ಹೊರತು 52 ಆಗುವುದಿಲ್ಲ. ನೆಲದಿಂದ ಮೇಲೇರಿಸುವ ಮೊದಲ ನಲವತ್ತು ಮೀಟರೇ ಹೆಚ್ಚು ಲಾಭ ಕೊಡುವಂಥದ್ದು. ನೀರಿನ ಟ್ಯಾಂಕ್ ಕೊಡುವುದೂ ಸರಿಸುಮಾರು ಅಷ್ಟನ್ನೇ.

ಅಮೆರಿಕದ ಟ್ಯಾಂಕ್ ಅಷ್ಟು ಎತ್ತರ ಏಕೆ?

ನಮ್ಮ ಊರುಗಳಲ್ಲಿ ಬೀದಿ ನಲ್ಲಿಯ ನೀರು ಮನೆಯ ಸಂಪಿಗೆ ಬಂದು ಬಿದ್ದರೆ ಸಾಕು. ಅಲ್ಲಿಂದ ಮೋಟರ್ ಹಾಕಿ ತಾರಸಿಯ ಟ್ಯಾಂಕಿಗೆ ಏರಿಸಿಕೊಳ್ಳುತ್ತೇವೆ. ಅಮೆರಿಕದ ಸಣ್ಣ ಪಟ್ಟಣದ ಮನೆಗಳಲ್ಲಿ ಸಂಪೂ ಇಲ್ಲ, ತಾರಸಿ ಟ್ಯಾಂಕೂ ಇಲ್ಲ. ಮಹಡಿಯ ಶವರಿನಲ್ಲಿ ನೀರು ರಭಸದಿಂದ ಬೀಳಬೇಕಾದರೆ ಬೀದಿಯ ಕೊಳವೆಯಲ್ಲೇ ಆ ಒತ್ತಡ ಇರಬೇಕು. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಮೂರು ನಾಲ್ಕು ಬಾರ್ ಬೇಕೆಂದರೆ ನೀರು ಮೂವತ್ತು ನಲವತ್ತು ಮೀಟರ್ ಮೇಲೆ ನಿಲ್ಲಬೇಕು. ಊರಿನ ಹೆಸರನ್ನು ದೊಡ್ಡದಾಗಿ ಬರೆದ ಆ ಉಕ್ಕಿನ ಗುಂಡು ಅಷ್ಟು ಮೇಲೆ ಹೋಗಿ ಕೂತದ್ದು ಹೀಗೆ. ಸಾಲದ್ದಕ್ಕೆ ಎಂಜಿನಿಯರುಗಳು ಅದನ್ನು ಊರಿನ ದಿಬ್ಬದ ಮೇಲೇ ಕಟ್ಟಲು ನೋಡುತ್ತಾರೆ. ಕರೆಂಟ್ ಇದೆ, ದಾರಿ ಇದೆ, ಬೇಲಿ ಇದೆ, ಬೀಗ ಇದೆ. ಇಷ್ಟೆಲ್ಲ ಸಿದ್ಧವಾಗಿರುವ ಜಾಗ ಹ್ಯಾಮ್‌ಗಳ ಕಣ್ಣಿಗೆ ಬೀಳದೆ ಇರುತ್ತದೆಯೇ?

ಮೊಬೈಲ್ ಕಂಪನಿಗಳ ಕಣ್ಣಿಗೂ ಬಿದ್ದಿದೆ. ಅವು ಪುರಸಭೆಗೆ ಒಳ್ಳೆಯ ಬಾಡಿಗೆ ಕೊಟ್ಟೇ ಆಂಟೆನಾ ಹಾಕುತ್ತವೆ. ಹ್ಯಾಮ್ ರೇಡಿಯೊವನ್ನು ದುಡಿಮೆಗೆ ಬಳಸುವಂತಿಲ್ಲ ಎಂದು ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿಯ ನಿಯಮ ಹೇಳುತ್ತದೆ. ಕ್ಲಬ್ಬಿನ ಬೊಕ್ಕಸವೂ ಚಿಕ್ಕದು. ಅಂದರೆ ಟ್ಯಾಂಕಿನ ಮೇಲೆ ನೀವು ಬಾಡಿಗೆ ಕೊಡದ ಬಾಡಿಗೆದಾರರು. ಮುಂದಿನ ಎಲ್ಲ ನಡಾವಳಿಯೂ ಈ ಒಂದು ಸಂಗತಿಯಿಂದ ಹುಟ್ಟುತ್ತದೆ.

ಏಣಿಗಿಂತ ಮೊದಲು ಕಾಗದ

ಮೊದಲು ಭೇಟಿಯಾಗಬೇಕಾದವರು ಊರಿನ ನೀರು ಸರಬರಾಜಿನ ಮೇಲ್ವಿಚಾರಕರು. ಪುರಸಭೆಯ ಸಭೆಗೆ ಅರ್ಜಿ ಹೋಗುವ ಮೊದಲೇ ಅವರ ಜತೆ ಮಾತಾಗಿರಬೇಕು. ಟ್ಯಾಂಕಿನ ಪ್ರತಿ ಬೋಲ್ಟ್ ಗೊತ್ತಿರುವವರು, ರಾತ್ರಿ ಪಂಪ್ ಕೆಟ್ಟರೆ ಎದ್ದು ಓಡುವವರು ಅವರೇ. ಅವರು ಬೇಡವೆಂದರೆ ಸದಸ್ಯರು ಬೇಕೆನ್ನುವುದು ಕಷ್ಟ.

ಊರಿಗೆ ಇದರಿಂದ ಏನು ಲಾಭ ಎಂದು ಕೇಳುತ್ತಾರೆ. ಪ್ರಾಮಾಣಿಕವಾದ ಉತ್ತರ ನಿಮ್ಮ ಬಳಿ ಇರಬೇಕು. ಬಯಲು ರಾಜ್ಯಗಳಲ್ಲಿ ಆ ಉತ್ತರ ಸುಂಟರಗಾಳಿ. ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ ಸ್ಕೈವಾರ್ನ್ ಎಂಬ ಯೋಜನೆಯಡಿ ಸ್ವಯಂಸೇವಕರಿಗೆ ಮೋಡ ನೋಡುವ ತರಬೇತಿ ಕೊಡುತ್ತದೆ. ಅವರಲ್ಲಿ ಅನೇಕರು ಹ್ಯಾಮ್‌ಗಳು. ರೆಡಾರ್ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲಕ್ಕೇಳುತ್ತದೆ. ಮೋಡದ ಬುಡದಲ್ಲಿ ಏನಾಗುತ್ತಿದೆ ಎಂದು ಹೇಳಲು ಕಣ್ಣಾರೆ ಕಂಡವರೇ ಬೇಕು. ಅವರ ವರದಿಗಳು ಸಾಗುವುದು ಹೆಚ್ಚಾಗಿ ಊರಿನ ರಿಪೀಟರ್ ಮೇಲೆ.

ಆಮೇಲೆ ಬರೆಹದ ಒಪ್ಪಂದ. ಯಾರ ಬಳಿ ಕೀಲಿ, ಯಾವಾಗ ಪ್ರವೇಶ, ಕರೆಂಟಿನ ಖರ್ಚು ಯಾರದು, ಟ್ಯಾಂಕಿಗೆ ಬಣ್ಣ ಹೊಡೆಯುವಾಗ ಆಂಟೆನಾ ಇಳಿಸುವವರು ಯಾರು ಎಂಬುದೆಲ್ಲ ಅದರಲ್ಲಿರಲಿ. ಕ್ಲಬ್ಬಿನ ಹೆಸರಿನಲ್ಲಿ ಹೊಣೆಗಾರಿಕೆ ವಿಮೆ ಕೇಳುವುದು ಅಲ್ಲಿ ಸಾಮಾನ್ಯ. ಬಾಯಿಮಾತಿನ ಒಪ್ಪಿಗೆಯ ಮೇಲೆ ನಿಂತ ರಿಪೀಟರ್ ಮೇಲ್ವಿಚಾರಕರು ನಿವೃತ್ತರಾದ ದಿನ ಅಲುಗಾಡತೊಡಗುತ್ತದೆ.

ಇದರ ಜತೆಜತೆಗೇ ಆವರ್ತನದ ಹಂಚಿಕೆಯೂ ಆಗಬೇಕು. ಅಲ್ಲಿ ಪ್ರತಿ ಪ್ರದೇಶಕ್ಕೂ ಹ್ಯಾಮ್‌ಗಳೇ ನಡೆಸುವ ಸಮನ್ವಯ ಸಂಸ್ಥೆಗಳಿವೆ. ಇಲಿನಾಯ್ ರಿಪೀಟರ್ ಅಸೋಸಿಯೇಷನ್ ಅಂಥದ್ದೊಂದು. ಅಕ್ಕಪಕ್ಕದ ರಿಪೀಟರ್‌ಗಳಿಗೆ ತಾಗದ ಜೋಡಿಯನ್ನು ಅವು ಸೂಚಿಸುತ್ತವೆ. ಸಮನ್ವಯ ಪಡೆಯದೆ ಹಾಕಿದ ರಿಪೀಟರ್, ಪಡೆದ ರಿಪೀಟರಿಗೆ ತೊಂದರೆ ಕೊಟ್ಟರೆ, ಸರಿಪಡಿಸುವ ಮುಖ್ಯ ಹೊಣೆ ಪಡೆಯದವರದ್ದು ಎಂದು ಎಫ್‌ಸಿಸಿ ನಿಯಮವೇ ಹೇಳುತ್ತದೆ.

ನೀರಿಗೆ ಮೊದಲ ಮರ್ಯಾದೆ

ಟ್ಯಾಂಕ್ ಇರುವುದು ಕುಡಿಯುವ ನೀರಿಗಾಗಿ. ಈ ವಾಕ್ಯ ಎಲ್ಲರಿಗೂ ಗೊತ್ತು, ಆದರೆ ಅದರಿಂದ ಹೊರಡುವ ಕಟ್ಟುಪಾಡುಗಳನ್ನು ಒಂದೊಂದಾಗಿ ಕಲಿಯಬೇಕು.

ಟ್ಯಾಂಕಿನ ಗೋಡೆಗೆ ರಂಧ್ರ ಕೊರೆಯುವಂತಿಲ್ಲ. ಚಾವಣಿಗೂ ಇದೇ ನಿಯಮ. 1993ರ ಕೊನೆಯಲ್ಲಿ ಮಿಸೌರಿ ರಾಜ್ಯದ ಗಿಡಿಯನ್ ಎಂಬ ಪುಟ್ಟ ಪಟ್ಟಣದಲ್ಲಿ ಕುಡಿಯುವ ನೀರಿನಿಂದ ಸಾಲ್ಮೊನೆಲ್ಲಾ ಸೋಂಕು ಹಬ್ಬಿತು. ಸುಮಾರು 1,100 ಜನರಿದ್ದ ಊರಿನಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಏಳು ಮಂದಿ ತೀರಿಕೊಂಡರು. ಸರಿಯಾಗಿ ಮುಚ್ಚಿರದ ನೀರಿನ ಟ್ಯಾಂಕಿನೊಳಗೆ ಹಕ್ಕಿಗಳ ಹಿಕ್ಕೆ ಸೇರಿದ್ದೇ ಕಾರಣವೆಂದು ತನಿಖೆ ಬೊಟ್ಟು ಮಾಡಿತು. ಅಲ್ಲಿ ರೇಡಿಯೊದ ಪಾತ್ರವೇನೂ ಇರಲಿಲ್ಲ. ಆದರೆ ಟ್ಯಾಂಕಿನ ಮುಚ್ಚಳ, ಗಾಳಿಕಿಂಡಿ, ಅದರ ಬಲೆ ಎಂದರೆ ನೀರಿನವರು ಏಕೆ ಅಷ್ಟು ಕಟ್ಟುನಿಟ್ಟು ಎಂಬುದು ಇದರಿಂದ ತಿಳಿಯುತ್ತದೆ. ಗಾಳಿಕಿಂಡಿಗೆ ಕ್ಲ್ಯಾಂಪ್ ಹಾಕುವ, ಮುಚ್ಚಳದ ಸಂದಿನಲ್ಲಿ ಕೇಬಲ್ ತೂರಿಸುವ ಯೋಚನೆಯನ್ನು ತಲೆಯಿಂದಲೇ ತೆಗೆದುಹಾಕಿ.

ಹೊರಗಿನಿಂದ ಬೆಸುಗೆಯನ್ನೂ ಮನಬಂದಂತೆ ಹಾಕುವಂತಿಲ್ಲ. ಉಕ್ಕಿನ ತಗಡಿನ ಒಳಮೈಗೆ ತುಕ್ಕು ತಡೆಯುವ ಲೇಪನವಿದೆ. ಹೊರಗೆ ವೆಲ್ಡಿಂಗ್ ಮಾಡಿದರೆ ಆ ಬಿಸಿಗೆ ಒಳಗಿನ ಲೇಪನ ಸುಟ್ಟು ಕಿತ್ತುಬರುತ್ತದೆ. ಅಲ್ಲಿಂದ ತುಕ್ಕು ಶುರು. ನೀವು ನೋಡುವುದು ಹೊರಗಿನ ಅಚ್ಚುಕಟ್ಟಾದ ಬೆಸುಗೆಯನ್ನು ಮಾತ್ರ. ಆದ್ದರಿಂದ ಆಂಟೆನಾವನ್ನು ಈಗಾಗಲೇ ಇರುವ ಕಟಾಂಜನಕ್ಕೆ ಕ್ಲ್ಯಾಂಪ್ ಹಾಕಿ ನಿಲ್ಲಿಸುತ್ತಾರೆ, ಇಲ್ಲವೇ ಹೊಸ ಬ್ರಾಕೆಟ್‌ಗಳನ್ನು ಟ್ಯಾಂಕ್ ಬರಿದು ಮಾಡಿ ಬಣ್ಣ ಹೊಡೆಯುವ ಸಮಯಕ್ಕೆ ಕಾಯ್ದು ಹಾಕಿಸುತ್ತಾರೆ.

ಮೂರನೆಯದನ್ನು ಹೊಸಬರು ಮರೆಯುವುದೇ ಹೆಚ್ಚು. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಪಂಪ್‌ಹೌಸಿಗೆ ತಿಳಿಸುವುದೂ ಎಷ್ಟೋ ಊರುಗಳಲ್ಲಿ ಒಂದು ಪುಟ್ಟ ರೇಡಿಯೊವೇ. ನಿಮ್ಮ 50 ವ್ಯಾಟಿನ ಟ್ರಾನ್ಸ್‌ಮಿಟರ್ ಅದರ ಕಿವಿ ಕಿವುಡು ಮಾಡಿದರೆ ಪಂಪ್ ನಿಲ್ಲಬೇಕಾದಾಗ ನಿಲ್ಲದೆ ಟ್ಯಾಂಕ್ ಉಕ್ಕೀತು, ಶುರುವಾಗಬೇಕಾದಾಗ ಆಗದೆ ನಲ್ಲಿಗಳು ಒಣಗಿಯಾವು. ಹೀಗಾಗಿ ನೀರಿನ ಸಿಬ್ಬಂದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಿಪೀಟರನ್ನು ಹಲವು ನಿಮಿಷ ಎಡೆಬಿಡದೆ ಚಾಲೂ ಇಟ್ಟು, ಅವರ ಮೀಟರ್ ಅಲುಗದೆ ಇದೆಯೇ ಎಂದು ಪರೀಕ್ಷಿಸಬೇಕು.

ಆಂಟೆನಾ ಮತ್ತು ಕೇಬಲ್

ಎರಡು ಮೀಟರ್ ಅಲೆಗೆ ನೀರು ತುಂಬಿದ ಉಕ್ಕಿನ ಗುಂಡು ಒಂದು ದೊಡ್ಡ ಗೋಡೆ. ಪಕ್ಕಕ್ಕೆ ಆಂಟೆನಾ ಕಟ್ಟಿದರೆ ಹಿಂಬದಿಯ ಊರುಗಳು ನೆರಳಿನಲ್ಲಿ ಉಳಿಯುತ್ತವೆ. ಸಾಧ್ಯವಾದರೆ ನೆತ್ತಿಯ ಮೇಲೇ ಜಾಗ ಕೇಳಿ. ಸಿಗದಿದ್ದರೆ ಯಾವ ದಿಕ್ಕಿನಲ್ಲಿ ಜನ ಕಡಿಮೆಯೋ ಆ ದಿಕ್ಕಿಗೆ ನೆರಳು ಬೀಳುವಂತೆ ನೋಡಿಕೊಳ್ಳಿ.

ಕೇಬಲ್ಲಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಹ್ಯಾಮ್‌ಗಳು ಮನೆಯಲ್ಲಿ ಬಳಸುವ ಎಲ್‌ಎಂಆರ್-400 ಕೇಬಲ್ 50 ಮೀಟರ್ ಉದ್ದಕ್ಕೆ ಸುಮಾರು ಎರಡೂವರೆ ಡೆಸಿಬಲ್ ನುಂಗುತ್ತದೆ. ಅಂದರೆ ಶಕ್ತಿಯ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಪಾಲು ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಅರ್ಧ ಇಂಚಿನ ಗಟ್ಟಿ ತಾಮ್ರದ ಹೊದಿಕೆಯ ಹಾರ್ಡ್‌ಲೈನ್ ಅದೇ ಉದ್ದಕ್ಕೆ ನುಂಗುವುದು ಒಂದೂವರೆ ಡೆಸಿಬಲ್ಲಿಗಿಂತ ಕಡಿಮೆ. ನಷ್ಟ ಹಾಗಿರಲಿ, ಎಲ್‌ಎಂಆರ್ ಮಾದರಿಯಲ್ಲಿ ಅಲ್ಯುಮಿನಿಯಂ ಹಾಳೆಯ ಮೇಲೆ ತಾಮ್ರದ ಜಾಲರಿ ಉಜ್ಜುತ್ತಿರುತ್ತದೆ. ಒಂದೇ ಕೇಬಲ್ಲಿನಲ್ಲಿ ಕಳಿಸುವುದೂ ಕೇಳುವುದೂ ನಡೆವಾಗ ಆ ಉಜ್ಜುವಿಕೆಯೇ ಕರಕರ ಸದ್ದಾಗಿ ರಿಸೀವರಿಗೆ ಬರುತ್ತದೆ. ತುಕ್ಕು ಹಿಡಿದ ಬೋಲ್ಟ್, ಸಡಿಲ ಸರಪಳಿ ಕೂಡ ಇಂಥದ್ದೇ ಸದ್ದು ಹುಟ್ಟಿಸುತ್ತವೆ. ಹಳೆಯ ಟ್ಯಾಂಕಿನ ಮೇಲೆ ಗಾಳಿ ಬೀಸಿದಾಗಲೆಲ್ಲ ರಿಪೀಟರ್ ಕರಕರ ಎಂದರೆ ಮೊದಲ ಅನುಮಾನ ಅವುಗಳ ಮೇಲಿರಲಿ.

ಕೇಬಲ್ಲನ್ನು ಹತ್ತುವ ಏಣಿಯ ಮೆಟ್ಟಿಲಿಗೋ ಸುರಕ್ಷತಾ ತಂತಿಗೋ ಕಟ್ಟಕೂಡದು. ಅದಕ್ಕೆ ಬೇರೆ ದಾರಿ, ಅಲ್ಲಲ್ಲಿ ಕ್ಲ್ಯಾಂಪ್, ತುದಿಗೆ ಕ್ಲಬ್ಬಿನ ಹೆಸರು ಮತ್ತು ಫೋನ್ ನಂಬರ್ ಬರೆದ ಚೀಟಿ. ಯಾರದೆಂದು ಗೊತ್ತಾಗದ ಕೇಬಲ್ ಬಣ್ಣದವರ ಕತ್ತರಿಗೆ ಮೊದಲು ಸಿಗುತ್ತದೆ.

ಕೆಳಗಿನ ಪೆಟ್ಟಿಗೆ

ರಿಪೀಟರಿನ ನಿಜವಾದ ಜಾಣತನ ಇರುವುದು ಡುಪ್ಲೆಕ್ಸರ್‌ನಲ್ಲಿ. 50 ವ್ಯಾಟ್ ಎಂದರೆ 50 ಓಮ್ ಕೇಬಲ್ಲಿನಲ್ಲಿ 50 ವೋಲ್ಟ್. ಅದೇ ಆಂಟೆನಾದಿಂದ ಅದೇ ಕ್ಷಣದಲ್ಲಿ ರಿಸೀವರ್ ಹಿಡಿಯಬೇಕಾದ ಸಂಕೇತ 0.25 ಮೈಕ್ರೊವೋಲ್ಟ್‌ನಷ್ಟು ಕ್ಷೀಣವಾಗಿರಬಹುದು. ಎರಡರ ನಡುವೆ 20 ಕೋಟಿ ಪಟ್ಟು ವ್ಯತ್ಯಾಸ. ಜಾತ್ರೆಯಲ್ಲಿ ಡೊಳ್ಳು ಬಾರಿಸುತ್ತಲೇ ಪಕ್ಕದವನ ಪಿಸುಮಾತು ಕೇಳಿಸಿಕೊಂಡಂತೆ. ಡುಪ್ಲೆಕ್ಸರ್ ಎಂದರೆ ಮೊಳಕ್ಕಿಂತ ಉದ್ದದ ಲೋಹದ ಡಬ್ಬಗಳ ಸಾಲು, ಸಾಮಾನ್ಯವಾಗಿ ನಾಲ್ಕು ಅಥವಾ ಆರು. ಪ್ರತಿ ಡಬ್ಬವನ್ನೂ ಒಂದು ಆವರ್ತನ ಬಿಡುವಂತೆ, ಇನ್ನೊಂದನ್ನು ತಡೆಯುವಂತೆ ಶ್ರುತಿ ಮಾಡಿರುತ್ತಾರೆ. ಇದನ್ನು ಶ್ರುತಿ ಮಾಡಲು ಉಪಕರಣವೂ ಅನುಭವವೂ ಬೇಕು. ಹೊಸಬರು ಅದರ ತಿರುಪುಗಳನ್ನು ಮುಟ್ಟದಿರುವುದು ಲೇಸು.

ಕಂಟ್ರೋಲರಿನ ಕೆಲಸಗಳು ಸರಳ. ಹತ್ತು ನಿಮಿಷಕ್ಕೊಮ್ಮೆಯಾದರೂ ರಿಪೀಟರಿನ ಕರೆಸಂಕೇತವನ್ನು, ಹೆಚ್ಚಾಗಿ ಮೋರ್ಸ್‌ನಲ್ಲಿ, ಹೇಳಬೇಕು. ಯಾರಾದರೂ ಗುಂಡಿ ಒತ್ತಿಕೊಂಡೇ ಕೂತರೆ ಮೂರು ನಿಮಿಷಕ್ಕೋ ಏನೋ ಸುಮ್ಮನಾಗಿಸಬೇಕು. ಏನಾದರೂ ಕೆಟ್ಟರೆ ಹೊಣೆಗಾರ ಹ್ಯಾಮ್ ದೂರದಿಂದಲೇ ಆರಿಸುವಂತಿರಬೇಕು.

ಟ್ಯಾಂಕಿನ ಕಂಬದೊಳಗೆ ಪೆಟ್ಟಿಗೆ ಇಡುವಾಗ ತೇವದ ಬಗ್ಗೆ ಎಚ್ಚರ. ಬೇಸಿಗೆಯಲ್ಲಿ ತಣ್ಣೀರಿನ ಕೊಳವೆ, ಉಕ್ಕಿನ ಗೋಡೆ ಬೆವರುತ್ತವೆ, ಹನಿಗಳು ಮೇಲಿನಿಂದ ತೊಟ್ಟಿಕ್ಕುತ್ತವೆ. ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸಿ, ಕೊಳವೆಯಿಂದ ದೂರ, ಮೇಲೊಂದು ಮರೆ ಇಟ್ಟು ಕೂರಿಸಬೇಕು. ಬಿರುಗಾಳಿಯ ದಿನ ಕರೆಂಟ್ ಹೋಗಿಯೇ ಹೋಗುತ್ತದೆ. ರಿಪೀಟರ್ ಬೇಕಾಗುವುದೂ ಅದೇ ದಿನ. ಬ್ಯಾಟರಿ ಇಲ್ಲದ ರಿಪೀಟರಿನಿಂದ ಊರಿಗೆ ಕೊಟ್ಟ ಮಾತು ಉಳಿಯುವುದಿಲ್ಲ.

ಸಿಡಿಲಂತೂ ಬಯಲಿನ ಎತ್ತರದ ಉಕ್ಕನ್ನು ಹುಡುಕಿಕೊಂಡೇ ಬರುತ್ತದೆ. ಟ್ಯಾಂಕಿಗೆ ಏನೂ ಆಗದಿರಬಹುದು, ನಿಮ್ಮ ಪೆಟ್ಟಿಗೆ ಸುಟ್ಟೀತು. ಕೇಬಲ್ಲಿನ ಹೊದಿಕೆಯನ್ನು ಮೇಲೂ ಕೆಳಗೂ ಟ್ಯಾಂಕಿಗೆ ಜೋಡಿಸಿ, ಒಳಗೆ ಬರುವ ಜಾಗದಲ್ಲಿ ಅರೆಸ್ಟರ್ ಹಾಕಿ, ರೇಡಿಯೊ, ಕರೆಂಟ್, ಫೋನ್ ಲೈನ್ ಎಲ್ಲದರ ಅರ್ಥಿಂಗನ್ನೂ ಒಂದೇ ಬಿಂದುವಿಗೆ ತರಬೇಕು. ಎರಡು ಬೇರೆ ಅರ್ಥಿಂಗ್ ಇದ್ದರೆ ಸಿಡಿಲು ಅವೆರಡರ ನಡುವಿನ ದಾರಿಯಾಗಿ ನಿಮ್ಮ ಸೆಟ್ಟನ್ನೇ ಆರಿಸಿಕೊಳ್ಳುತ್ತದೆ.

ಹತ್ತುವವರು ಯಾರು?

ಉತ್ಸಾಹಿ ಸದಸ್ಯರಲ್ಲ. ತರಬೇತಿ, ಹಾರ್ನೆಸ್, ವಿಮೆ ಇರುವ ವೃತ್ತಿಪರರೇ ಹತ್ತಲಿ. ಹಳೆಯ ಟ್ಯಾಂಕುಗಳ ಬಣ್ಣದಲ್ಲಿ ಸೀಸ ಇರಬಹುದು, ಕೆರೆಯುವ ಮೊದಲು ಕೇಳಿ ತಿಳಿಯಬೇಕು. ಮೇಲೆ ಜನ ಇರುವಾಗ ಟ್ರಾನ್ಸ್‌ಮಿಟರ್ ಆರಿರಬೇಕು. ಆಂಟೆನಾಕ್ಕೆ ತೀರ ಹತ್ತಿರ ನಿಂತವರ ಮೈಗೆ ರೇಡಿಯೊ ಶಕ್ತಿ ಮಿತಿಮೀರಿ ತಾಗಬಹುದು. ಹಾಗಾಗಿ ಕೆಳಗೆ ಬೀಗ ಹಾಕಬಹುದಾದ ಸ್ವಿಚ್ ಇಟ್ಟು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಹತ್ತುವವರೇ ಅದನ್ನು ಆರಿಸಿ ಕೀಲಿ ಜೇಬಿಗೆ ಹಾಕಿಕೊಳ್ಳಲಿ.

ಕನ್ನಡಿಗರಿಗೆ ಎರಡು ಮಾತು

ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಪೌರತ್ವ ಇಲ್ಲದಿದ್ದರೂ ಹ್ಯಾಮ್ ಪರೀಕ್ಷೆ ಬರೆಯಬಹುದು. ಮೊದಲ ಹಂತದ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿಯಾದರೆ ತೇರ್ಗಡೆ. ಎರಡು ಮೀಟರ್ ರಿಪೀಟರ್ ಬಳಸಲು ಅಷ್ಟು ಸಾಕು.

ಕರ್ನಾಟಕದಲ್ಲಿರುವವರು ಮೇಲಿನ ಆವರ್ತನಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಅಮೆರಿಕದಲ್ಲಿ ಎರಡು ಮೀಟರ್ ಬ್ಯಾಂಡ್ 144ರಿಂದ 148 ಮೆಗಾಹರ್ಟ್ಸ್‌ವರೆಗೆ ಇದೆ. ಭಾರತದ ಹ್ಯಾಮ್‌ಗಳಿಗೆ ಇರುವುದು 144ರಿಂದ 146 ಮಾತ್ರ. 146.940 ಇಲ್ಲಿ ಬೇರೆಯವರ ಜಾಗ. ಪರೀಕ್ಷೆ, ಪರವಾನಗಿ, ಆವರ್ತನ ಎಲ್ಲವೂ ಕೇಂದ್ರ ದೂರಸಂಪರ್ಕ ಇಲಾಖೆಯ ಕೈಯಲ್ಲಿವೆ. ರಿಪೀಟರ್ ಸ್ಥಾಪಿಸಲೂ ಅದರ ಅನುಮತಿ ಬೇಕು. ನಮ್ಮ ಹಳ್ಳಿಯ ಕಾಂಕ್ರೀಟ್ ಟ್ಯಾಂಕುಗಳು ತಗ್ಗು. ಇಪ್ಪತ್ತು ಮೀಟರ್ ಎತ್ತರದ್ದಾದರೆ ದಿಗಂತ 18 ಕಿಲೋಮೀಟರ್. ಬಯಲುಸೀಮೆಯ ಒಂದು ಹೋಬಳಿಗೆ ಅದೂ ಕಡಿಮೆಯೇನಲ್ಲ. ಉಕ್ಕಿನ ಟ್ಯಾಂಕಿಗೆ ಬೆಸುಗೆ ಹೇಗೋ ಕಾಂಕ್ರೀಟಿಗೆ ಡ್ರಿಲ್ ಹಾಗೆ: ಒಳಗಿನ ಕಬ್ಬಿಣಕ್ಕೆ ನೀರು ತಾಗಿದರೆ ಟ್ಯಾಂಕಿನ ಆಯಸ್ಸೇ ಕುಗ್ಗುತ್ತದೆ. ಇಲ್ಲಿ ಮೊದಲು ಮಾತಾಡಿಸಬೇಕಾದವರು ಗ್ರಾಮ ಪಂಚಾಯಿತಿಯವರು ಮತ್ತು ಊರಿನ ನೀರುಗಂಟಿ.

ಎಲ್ಲಿಂದ ಶುರು ಮಾಡಲಿ?

ಹತ್ತಿರದ ರಿಪೀಟರನ್ನು ಕೆಲವು ವಾರ ಸುಮ್ಮನೆ ಕೇಳಿ. ಯಾವ ಹೊತ್ತಿಗೆ ಯಾರು ಬರುತ್ತಾರೆ, ಯಾವ ಊರಿನ ಕಡೆಯಿಂದ ದನಿ ಮುರಿಯುತ್ತದೆ ಎಂದು ಪುಸ್ತಕದಲ್ಲಿ ಬರೆದಿಡಿ. ಆ ಪಟ್ಟಿ ಆಂಟೆನಾದ ನೆರಳು ಎಲ್ಲಿದೆ ಎಂಬುದನ್ನು ಕ್ಲಬ್ಬಿಗೆ ತೋರಿಸುತ್ತದೆ. ಆಮೇಲೆ ಕ್ಲಬ್ಬಿನ ಕೆಲಸದ ದಿನ ಹೋಗಿ ನೆಲದ ಮೇಲಿನ ಕೆಲಸ ಕೇಳಿ: ಹಗ್ಗ ಹಿಡಿಯುವುದು, ಕೇಬಲ್ಲಿಗೆ ಚೀಟಿ ಅಂಟಿಸುವುದು, ಬ್ಯಾಟರಿ ಅಳೆಯುವುದು, ಹೊರಡುವಾಗ ತುಂಡು ತಂತಿಗಳನ್ನೆಲ್ಲ ಆರಿಸಿ ಗೇಟಿಗೆ ಬೀಗ ಹಾಕುವುದು. ಬಾಡಿಗೆ ಕೊಡದವರ ಮರ್ಯಾದೆ ಉಳಿಯುವುದು ಇಂಥ ಕೆಲಸಗಳಿಂದಲೇ.

ಟ್ಯಾಂಕಿಗೆ ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಬಣ್ಣ ಬೀಳುತ್ತದೆ. ಆಗ ಮೇಲಿರುವುದೆಲ್ಲ ಇಳಿಯಲೇಬೇಕು. ಇಳಿದ ಎಲ್ಲವೂ ಮತ್ತೆ ಹತ್ತುವುದಿಲ್ಲ. ನಿಮ್ಮ ಅಳವಡಿಕೆ ಚೆನ್ನಾಗಿತ್ತೇ ಎಂಬುದಕ್ಕೆ ಎಷ್ಟು ಕಿಲೋಮೀಟರ್ ದೂರ ಕೇಳಿಸಿತು ಎಂಬುದೊಂದೇ ಅಳತೆಯಲ್ಲ. ಬಣ್ಣದ ಕೆಲಸ ಗೊತ್ತಾದ ಕೂಡಲೇ ನೀರಿನ ಮೇಲ್ವಿಚಾರಕರು ತಾವಾಗಿಯೇ ಕ್ಲಬ್ಬಿಗೆ ಫೋನ್ ಮಾಡಿ, "ಬ್ರಾಕೆಟ್ ಹೊಸದು ಹಾಕಿಸಬೇಕಿದ್ದರೆ ಈಗಲೇ ಹೇಳಿ" ಎಂದರೆ, ಆ ರಿಪೀಟರನ್ನು ನೀವು ಸರಿಯಾಗಿ ಕೂರಿಸಿದ್ದೀರಿ ಎಂದರ್ಥ.